ಕೋಡ್ ಬರೆಯುವವರು ಟಿವಿಯಲ್ಲಿ ಮಳೆ ಹೇಳುವ ಕೆಲಸಕ್ಕೆ ಬರುವುದು ಹೇಗೆ?

ಜುಲೈ ತಿಂಗಳು, ಬೆಳಗಿನ ಐದು ಗಂಟೆ. ಸುದ್ದಿ ವಾಹಿನಿಯ ಡೆಸ್ಕಿಗೆ ತೀರ್ಥಹಳ್ಳಿ ಕಡೆಯಿಂದ ಒಂದು ಫೋನು.

"ನಾಳೆ ನಾಡಿದ್ದು ಹೊಳವು ಇದ್ಯಾ ಮಾರಾಯ್ರೇ? ಅಡಿಕೆಗೆ ಬೋರ್ಡೋ ಹೊಡೀಬೇಕು. ಕೊನೆಗಾರನಿಗೆ ಇವತ್ತೇ ಹೇಳಬೇಕು, ಇಲ್ಲಾಂದ್ರೆ ಬೇರೆ ತೋಟಕ್ಕೆ ಹೋಗ್ತಾನೆ."

ಹೊಳವು ಅಂದರೆ ಮಳೆಯ ನಡುವೆ ಸಿಗುವ ಬಿಡುವು. ಬೋರ್ಡೋ ಅಡಿಕೆಗೆ ಸಿಂಪಡಿಸುವ ಔಷಧ, ಕೊನೆಗಾರ ಮರ ಹತ್ತಿ ಅದನ್ನು ಹೊಡೆಯುವವನು. ನನ್ನ ಮುಂದಿದ್ದ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ "ಶಿವಮೊಗ್ಗ ಜಿಲ್ಲೆಯ ಹಲವು ಕಡೆ ಸಾಧಾರಣದಿಂದ ಭಾರಿ ಮಳೆ" ಅಂತಿತ್ತು. ಅದನ್ನೇ ಓದಿ ಹೇಳಿದೆ. "ಅದು ನಂಗೂ ಗೊತ್ತು, ಹೊರಗೆ ಹೊಯ್ತಾ ಇದೆ" ಅಂದರು. ಸರಿ ಅಲ್ವಾ? ಮಳೆ ಎಷ್ಟು ಬರುತ್ತದೆ ಅಂತ ಅವರು ಕೇಳಿರಲೇ ಇಲ್ಲ. ಎಷ್ಟು ಹೊತ್ತು ಬಿಡುತ್ತದೆ ಅಂತ ಕೇಳಿದ್ದರು. ಅದಕ್ಕೆ ಬೇಕಾದ ಅಂಕಿಗಳು ನನ್ನ ಕಂಪ್ಯೂಟರಿನಲ್ಲೇ ಬಿದ್ದಿದ್ದವು. ತೆಗೆಯುವುದು ಹೇಗೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಈ ವೃತ್ತಿ ನಿಂತಿರುವುದು ಈ ಜಾಗದಲ್ಲಿ. ಒಂದು ಕಡೆ ದಿನಾ ಗಿಗಾಬೈಟುಗಟ್ಟಲೆ ಬರುವ ಹವಾಮಾನದ ದತ್ತಾಂಶ, ಇನ್ನೊಂದು ಕಡೆ ಕೊನೆಗಾರನಿಗೆ ಹೇಳಬೇಕೋ ಬೇಡವೋ ಅಂತ ಕಾಯುತ್ತಿರುವ ಮನುಷ್ಯ. ಕೋಡ್ ಬರೆಯುವವರು ಬೇಕಾದಷ್ಟಿದ್ದಾರೆ. ಕ್ಯಾಮೆರಾ ಮುಂದೆ ಚೆನ್ನಾಗಿ ಮಾತಾಡುವವರೂ ಇದ್ದಾರೆ. ಎರಡೂ ಬಲ್ಲವರು ಕನ್ನಡದಲ್ಲಿ ತುಂಬಾ ಕಡಿಮೆ. ನೀವು ಕಂಪ್ಯೂಟರ್ ಕಡೆಯಿಂದ ಬರುವವರು ಅಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹಂತ 1: ಯಾವ ಬಾಗಿಲಿನಿಂದ ಒಳಗೆ ಬರುತ್ತೀರಿ?

ಮೊದಲು ಓದಿನ ವಿಷಯ ಮುಗಿಸಿಬಿಡೋಣ. ಅಮೆರಿಕದಲ್ಲಿ ಇದಕ್ಕೊಂದು ದಾರಿ ಇದೆ. ಅಲ್ಲಿನ ಹವಾಮಾನ ಸೊಸೈಟಿ 2005ರಿಂದ ಪ್ರಸಾರ ಹವಾಮಾನ ತಜ್ಞರಿಗೆ ಪ್ರಮಾಣಪತ್ರ ಕೊಡುತ್ತಿದೆ. ಅದಕ್ಕೂ ಮೊದಲು, 1957ರಿಂದಲೇ, ಒಂದು 'ಸೀಲ್' ಕೊಡುತ್ತಿತ್ತು. ನಮ್ಮ ವಾಹಿನಿಗಳಲ್ಲಿ ಅಂಥ ಮುದ್ರೆ ಯಾರೂ ಕೇಳುವುದಿಲ್ಲ. ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಬಾಗಿಲು ತೆರೆದಿರುತ್ತದೆ, ಆದರೆ ಒಳಗೆ ಬಂದವರಿಗೆ ಏನು ಗೊತ್ತು ಅಂತ ಯಾರೂ ನೋಡುವುದಿಲ್ಲ.

ಗಂಭೀರವಾಗಿ ಓದಬೇಕು ಅನ್ನುವವರಿಗೆ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ ಇದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ (ಕುಸಾಟ್), ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ ಇವೆಲ್ಲ ಈ ವಿಷಯದಲ್ಲಿ ಹಳಬರು. ರೈತರ ಕಡೆ ಒಲವಿದ್ದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಕೃಷಿ ಹವಾಮಾನ ಓದಬಹುದು.

ಕಂಪ್ಯೂಟರ್ ಓದಿದವರಿಗೆ ಹೆಚ್ಚು ಜನ ಗಮನಿಸದ ಒಂದು ಬಾಗಿಲಿದೆ. ಭಾರತೀಯ ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಅಂದರೆ ಎಸ್‌ಎಸ್‌ಸಿ ಪರೀಕ್ಷೆ ನಡೆಸುತ್ತದೆ. ಹಿಂದಿನ ಪ್ರಕಟಣೆಗಳಲ್ಲಿ ಭೌತಶಾಸ್ತ್ರ ಓದಿದ ವಿಜ್ಞಾನ ಪದವೀಧರರ ಜೊತೆಗೆ ಕಂಪ್ಯೂಟರ್ ಸೈನ್ಸ್, ಐಟಿ, ಕಂಪ್ಯೂಟರ್ ಅಪ್ಲಿಕೇಷನ್ ಪದವಿಯವರಿಗೂ ಅವಕಾಶ ಇತ್ತು. 2022ರಲ್ಲಿ 990 ಹುದ್ದೆಗಳಿಗೆ ಕರೆದಿದ್ದರು. ಪ್ರತಿ ವರ್ಷ ಕರೆಯುವುದಿಲ್ಲ, ಆದ್ದರಿಂದ ಕಣ್ಣಿಟ್ಟಿರಿ. ಕೆಲಸ ಸಿಕ್ಕರೆ ಇಲಾಖೆಯೇ ಹವಾಮಾನ ಕಲಿಸುತ್ತದೆ.

ಇವು ಯಾವುವೂ ಇಲ್ಲದೆ ಬಂದವರೂ ಇದ್ದಾರೆ. ಚೆನ್ನೈನ ಪ್ರದೀಪ್ ಜಾನ್ 'ತಮಿಳುನಾಡು ವೆದರ್‌ಮ್ಯಾನ್' ಅಂತ ಹೆಸರಾದದ್ದು ಹವಾಮಾನದ ಪದವಿಯಿಂದ ಅಲ್ಲ. ವರ್ಷಗಟ್ಟಲೆ ದಿನಾ ಬರೆದರು, 2015ರ ಪ್ರವಾಹದ ಹೊತ್ತಿಗೆ ಊರಿಗೆ ಊರೇ ಅವರ ಮಾತು ನೋಡುತ್ತಿತ್ತು. ಈ ದಾರಿಯೂ ಇದೆ, ಆದರೆ ಉದ್ದದ ದಾರಿ.

ಹಂತ 2: ಇಲಾಖೆಯ ಭಾಷೆ ಬಾಯಿಪಾಠ ಮಾಡಿ

ಕೋಡ್ ಮುಟ್ಟುವ ಮೊದಲು ಒಂದು ವಾರ ಇದಕ್ಕೆ ಕೊಡಿ. ಹವಾಮಾನ ಇಲಾಖೆ 'ಭಾರಿ ಮಳೆ' ಅಂದರೆ ಅದಕ್ಕೆ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ ಭಾರಿ. ಅಲ್ಲಿಂದ 204.4ರವರೆಗೆ ಅತಿ ಭಾರಿ. ಅದನ್ನೂ ದಾಟಿದರೆ ಅತ್ಯಂತ ಭಾರಿ. ಅಂದರೆ 50 ಮಿ.ಮೀ. ಮಳೆ ಇಲಾಖೆಯ ಲೆಕ್ಕದಲ್ಲಿ 'ಸಾಧಾರಣ'. ಅಷ್ಟು ಮಳೆ ಬೆಂಗಳೂರಿನಲ್ಲಿ ಸಂಜೆ ಒಂದೇ ಗಂಟೆಯಲ್ಲಿ ಸುರಿದರೆ ಅಂಡರ್‌ಪಾಸ್‌ಗಳು ಕೆರೆಯಾಗುತ್ತವೆ. ಆ ಹೊತ್ತಲ್ಲಿ ಪರದೆ ಮೇಲೆ ನಿಂತು 'ಸಾಧಾರಣ ಮಳೆ' ಅಂದರೆ ಜನ ಟಿವಿಗೆ ಚಪ್ಪಲಿ ಎಸೆಯುತ್ತಾರೆ.

'ಒಂದೆರಡು ಕಡೆ', 'ಕೆಲವು ಕಡೆ', 'ಹಲವು ಕಡೆ', 'ಬಹುತೇಕ ಕಡೆ' ಅನ್ನುವುದೂ ಸುಮ್ನೆ ಬಾಯಿಗೆ ಬಂದದ್ದಲ್ಲ. ಮಳೆ ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ, 50ರವರೆಗೆ, 75ರವರೆಗೆ, ಅದಕ್ಕಿಂತ ಜಾಸ್ತಿ ಅಂತ ಅರ್ಥ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಅರ್ಥ ಗಮನವಿರಲಿ, ಸಜ್ಜಾಗಿರಿ, ಕ್ರಮ ಕೈಗೊಳ್ಳಿ.

ಇನ್ನೊಂದು ಮುಖ್ಯ ವಿಷಯ: ನಮ್ಮಲ್ಲಿ ಮಳೆಯ ದಿನ ಶುರುವಾಗುವುದು ಬೆಳಿಗ್ಗೆ 8:30ಕ್ಕೆ. 'ನಿನ್ನೆಯ ಮಳೆ' ಅಂದರೆ ನಿನ್ನೆ 8:30ರಿಂದ ಇವತ್ತು 8:30ರವರೆಗೆ. ಇದು ಮುಂದಿನ ಹಂತದಲ್ಲಿ ನಿಮ್ಮ ಕಾಲಿಗೆ ತೊಡರುತ್ತದೆ.

ಹಂತ 3: ದತ್ತಾಂಶ ಇಳಿಸಿ, ಏಟು ತಿನ್ನಿ

ಖುಷಿಯ ವಿಷಯ ಏನೆಂದರೆ, ಬೇಕಾದದ್ದೆಲ್ಲ ಹೆಚ್ಚುಕಡಿಮೆ ಉಚಿತ. ಮುಂದಿನ ದಿನಗಳ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗೆ ಇಲ್ಲಿ 'ಮಾದರಿ' ಅನ್ನುತ್ತಾರೆ. ಅಮೆರಿಕದ ಜಿಎಫ್‌ಎಸ್ ಮಾದರಿ ದಿನಕ್ಕೆ ನಾಲ್ಕು ಸಲ ಓಡುತ್ತದೆ. ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯುಎಫ್ ಕೂಡ ತನ್ನ ದತ್ತಾಂಶವನ್ನು ಸುಮಾರು 25 ಕಿ.ಮೀ.ಗೊಂದು ಚೌಕದ ಜಾಲದಲ್ಲಿ ಎಲ್ಲರಿಗೂ ಕೊಡುತ್ತದೆ, ಹೆಸರು ಹಾಕಬೇಕು ಅಷ್ಟೆ. ಇನ್ಸಾಟ್ ಉಪಗ್ರಹಗಳ ಚಿತ್ರಗಳು ಇಸ್ರೋದ ಜಾಲತಾಣ ಮೋಸ್‌ಡ್ಯಾಕ್‌ನಲ್ಲಿ ಸಿಗುತ್ತವೆ. ಈ ಸರಣಿಯ ಇನ್ಸಾಟ್-3ಡಿಎಸ್ ಹಾರಿದ್ದು 2024ರ ಫೆಬ್ರವರಿಯಲ್ಲಿ. ಅದನ್ನು ನೋಡಿಕೊಳ್ಳುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವುದು ನಮ್ಮ ಹಾಸನದಲ್ಲಿ.

ನಿಜವಾಗಿ ಎಷ್ಟು ಮಳೆ ಬಿತ್ತು ಅಂತ ನೋಡಲು ಕರ್ನಾಟಕದವರಿಗೆ ಒಂದು ಅದೃಷ್ಟ ಇದೆ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾಯಿತು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ಇಟ್ಟು, 15 ನಿಮಿಷಕ್ಕೊಮ್ಮೆ ಅಂಕಿ ತರಿಸಿಕೊಳ್ಳುತ್ತದೆ. ಹೋಬಳಿ ಮಟ್ಟದ ನಕ್ಷೆಗಳನ್ನು ನೋಡುವುದನ್ನು ದಿನದ ಅಭ್ಯಾಸ ಮಾಡಿಕೊಳ್ಳಿ.

ಮಾದರಿಗಳ ಕಡತ ಬರುವುದು ಗ್ರಿಬ್ ಅನ್ನುವ ರೂಪದಲ್ಲಿ. ಪೈಥಾನ್ ಗೊತ್ತಿದ್ದರೆ ಎಕ್ಸ್‌ಅರೇ, ಸಿಎಫ್‌ಗ್ರಿಬ್ ಎರಡು ಲೈಬ್ರರಿ ಸಾಕು. ಕಡತ ತೆರೆಯುವುದು ಒಂದು ಮಧ್ಯಾಹ್ನದ ಕೆಲಸ. ಏಟು ಬೀಳುವುದು ಆಮೇಲೆ.

ನನಗೆ ಬಿದ್ದ ಮೊದಲ ಏಟು ಹೇಳುತ್ತೇನೆ. ತೀರ್ಥಹಳ್ಳಿಗೆ ನಾಳೆ ಎಷ್ಟು ಮಳೆ ಅಂತ ಮೊದಲ ಸಲ ತೆಗೆದಾಗ 0.04 ಅಂತ ಬಂತು. 'ಹೊಳವು!' ಅಂದುಕೊಂಡು ಖುಷಿಯಾಗಿ ನಕ್ಷೆಯಲ್ಲಿ ಸೂರ್ಯನ ಚಿತ್ರ ಕೂರಿಸಿದೆ. ಯುರೋಪಿನ ಮಾದರಿ ಮಳೆಯನ್ನು ಮೀಟರಿನಲ್ಲಿ ಕೊಡುತ್ತದೆ. 0.04 ಮೀಟರ್ ಅಂದರೆ 40 ಮಿ.ಮೀ. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಜುಲೈನಲ್ಲಿ ತೀರ್ಥಹಳ್ಳೀಲಿ ಬಿಸಿಲೇನ್ರೀ?" ಅಂತ ಕೇಳಿದ್ದರಿಂದ ಪ್ರಸಾರಕ್ಕೆ ಹೋಗಲಿಲ್ಲ. ಜಿಎಫ್‌ಎಸ್ ಚದರ ಮೀಟರಿಗೆ ಕೆಜಿ ಲೆಕ್ಕ ಕೊಡುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಕೆಜಿ ನೀರು ಹರಡಿದರೆ ಒಂದು ಮಿ.ಮೀ., ಹಾಗಾಗಿ ಅಲ್ಲಿ ಏನೂ ಗುಣಿಸಬೇಕಿಲ್ಲ. ಎರಡನ್ನೂ ಒಂದೇ ಕೋಡಿನಲ್ಲಿ ಬೆರೆಸಿದರೆ ಗತಿ ಏನು ಅಂತ ಊಹಿಸಿ.

ಎರಡನೆಯ ಏಟು ಕೂಡಿಕೆಯದ್ದು. ಯುರೋಪಿನ ಮಾದರಿಯಲ್ಲಿ ಮಳೆ ಶುರುವಿನಿಂದ ಕೂಡುತ್ತಾ ಹೋಗುತ್ತದೆ. ಐದನೇ ದಿನದ ಅಂಕಿ ಅಂದರೆ ಐದೂ ದಿನದ ಮೊತ್ತ. ಒಂದು ದಿನದ್ದು ಬೇಕೆಂದರೆ ಕಳೆಯಬೇಕು. ಇನ್ನು ಮಾದರಿಯ ಗಡಿಯಾರ ಓಡುವುದು ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ. 00 ಯುಟಿಸಿ ಅಂದರೆ ನಮ್ಮ ಬೆಳಿಗ್ಗೆ 5:30. ನಮ್ಮ ಮಳೆ ದಿನ ಶುರುವಾಗುವುದು ಅಲ್ಲಿಂದ ಮೂರು ಗಂಟೆ ಕಳೆದ ಮೇಲೆ. ಆದ್ದರಿಂದ 27ನೇ ಗಂಟೆಯ ಅಂಕಿಯಲ್ಲಿ 3ನೇ ಗಂಟೆಯ ಅಂಕಿ ಕಳೆಯಿರಿ. ಆಗ ಮಾತ್ರ ಅದು ಇಲಾಖೆಯ ಮಾಪಕದ ಅಂಕಿಯ ಪಕ್ಕ ನಿಲ್ಲುತ್ತದೆ.

ಬೆಳಗಿನ ಏಳರ ಬುಲೆಟಿನ್ ಮಾಡುವವರು ಇನ್ನೊಂದು ನೆನಪಿಡಿ. ಆಗ ಕೈಯಲ್ಲಿರುವುದು ಹಿಂದಿನ ರಾತ್ರಿ 11:30ರ ಜಿಎಫ್‌ಎಸ್ ಓಟ. ಬೆಳಗಿನ 5:30ರದ್ದು ಬರುವಷ್ಟರಲ್ಲಿ ಗಂಟೆ ಒಂಬತ್ತಾಗಿರುತ್ತದೆ.

ಹಂತ 4: ಒಂದು ಹೊಳವು ಯಂತ್ರ ಕಟ್ಟಿ

ಕಲಿಯಲು ಪ್ರಾಜೆಕ್ಟ್ ಬೇಕಲ್ವಾ? ಡ್ಯಾಶ್‌ಬೋರ್ಡ್ ಮಾಡಬೇಡಿ, ಅದನ್ನು ಎಲ್ಲರೂ ಮಾಡುತ್ತಾರೆ. ಮೇಲಿನ ಫೋನಿಗೆ ಉತ್ತರ ಕೊಡುವ ಪ್ರೋಗ್ರಾಂ ಬರೆಯಿರಿ.

ಒಂದು ತಾಲ್ಲೂಕು ಆರಿಸಿಕೊಳ್ಳಿ. ಪ್ರಶ್ನೆ ಇಷ್ಟೇ: ಮುಂದಿನ ಐದು ದಿನಗಳಲ್ಲಿ 36 ಗಂಟೆಯಾದರೂ ಒಂದೇ ಸಮ ಮಳೆ ಬಿಡುತ್ತದಾ? 'ಬಿಡುವುದು' ಅಂದರೆ ಏನು ಅಂತ ನೀವೇ ನಿಗದಿ ಮಾಡಬೇಕು. ನಾನು ಆರು ಗಂಟೆಗೆ 1 ಮಿ.ಮೀ.ಗಿಂತ ಕಡಿಮೆ ಅಂತ ಇಟ್ಟುಕೊಂಡೆ. ಬೆಳೆಗಾರರನ್ನು ಕೇಳಿದರೆ ನಿಮ್ಮದು ಬೇರೆ ಆಗಬಹುದು. ಕೇಳಿ, ಅದೂ ಈ ಕೆಲಸದ ಭಾಗ.

ಈಗ ಒಂದೇ ಮುನ್ಸೂಚನೆ ನೋಡಿದರೆ ಉತ್ತರ 'ಹೌದು' ಅಥವಾ 'ಇಲ್ಲ'. ಆದರೆ ಯುರೋಪಿನ ಕೇಂದ್ರ ಒಂದೇ ಲೆಕ್ಕವನ್ನು 51 ಸಲ ಮಾಡುತ್ತದೆ, ಪ್ರತಿ ಸಲ ಶುರುವಿನ ಸ್ಥಿತಿಯನ್ನು ಚೂರು ಚೂರು ಬದಲಿಸಿ. ಅಮೆರಿಕದವರದ್ದು 31 ಸಲ. ಈ 51ರಲ್ಲಿ ಎಷ್ಟರಲ್ಲಿ ನಿಮ್ಮ 36 ಗಂಟೆ ಸಿಗುತ್ತದೆ ಅಂತ ಎಣಿಸಿ. 34ರಲ್ಲಿ ಬುಧವಾರ ಮಧ್ಯಾಹ್ನದಿಂದ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ತೀರ್ಥಹಳ್ಳಿಯವರಿಗೆ ಹೀಗೆ ಹೇಳಬಹುದು: "ಬುಧವಾರ ಮಧ್ಯಾಹ್ನದಿಂದ ಗುರುವಾರ ರಾತ್ರಿವರೆಗೆ ಹೊಳವು ಸಿಗೋ ಸಾಧ್ಯತೆ ಮೂರಕ್ಕೆ ಎರಡು ಪಾಲು." ಕೊನೆಗಾರನಿಗೆ ಹೇಳಬೇಕೋ ಬೇಡವೋ ಅನ್ನುವುದು ಇನ್ನು ಅವರ ಲೆಕ್ಕ. ಆದರೆ ಲೆಕ್ಕ ಹಾಕಲು ಕೈಯಲ್ಲಿ ಒಂದು ಅಂಕಿ ಇದೆ.

ಇಲ್ಲೊಂದು ಮಿತಿ ಇದೆ. 25 ಕಿ.ಮೀ.ನ ಒಂದು ಚೌಕದಲ್ಲಿ ಘಾಟಿಯ ಮೇಲಿನ ಆಗುಂಬೆಯೂ ಕೆಳಗಿನ ಸೋಮೇಶ್ವರವೂ ಒಟ್ಟಿಗೆ ಬಿದ್ದುಬಿಡಬಹುದು. ಮಾದರಿಗೆ ಅಲ್ಲಿ ಗುಡ್ಡದ ಗೋಡೆ ಸರಿಯಾಗಿ ಕಾಣುವುದೇ ಇಲ್ಲ. 2025ರ ಮೇ ತಿಂಗಳಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿ.ಮೀ. ಜಾಲದಲ್ಲಿ ಓಡುತ್ತದೆ, ಪುಣೆಯ 'ಅರ್ಕ' ಸೂಪರ್ ಕಂಪ್ಯೂಟರಿನ ಬಲದಿಂದ. ಘಟ್ಟದವರಿಗೆ ಈ ವ್ಯತ್ಯಾಸ ದೊಡ್ಡದು.

"ಇದನ್ನೆಲ್ಲ ಎಐ ಮಾಡುತ್ತದಲ್ಲ?" ಅಂತ ಕೇಳುವವರಿಗೆ: ಮಾಡುತ್ತದೆ. ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ 2023ರಲ್ಲಿ ಬಂತು. ಯುರೋಪಿನ ಕೇಂದ್ರ ತನ್ನ ಎಐ ಮಾದರಿಯನ್ನು 2025ರ ಫೆಬ್ರವರಿಯಿಂದ ದಿನದ ಬಳಕೆಗೇ ಇಳಿಸಿದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಹತ್ತು ದಿನದ ಮುನ್ಸೂಚನೆ ನಿಮಿಷಗಳಲ್ಲಿ ಬರುತ್ತದೆ. ಆದರೆ ಅವೂ ಕೊಡುವುದು ಅದೇ ಜಾಲದ ಮೇಲಿನ ಅಂಕಿಗಳನ್ನೇ. ಹೊಳವು ಎಲ್ಲಿ ಅಂತ ನೀವೇ ಕೇಳಬೇಕು.

ಹಂತ 5: ನಕ್ಷೆ ಮತ್ತು ಒತ್ತಕ್ಷರದ ಗೋಳು

ಅಂಕಿ ಬಂತು, ಮ್ಯಾಟ್‌ಪ್ಲಾಟ್‌ಲಿಬ್ ಬಳಸುವ ಕಾರ್ಟೋಪೈನಲ್ಲಿ ನಕ್ಷೆ ಬರೆದಿರಿ, ಊರಿನ ಹೆಸರು ಕನ್ನಡದಲ್ಲಿ ಹಾಕಿದಿರಿ. ಬಳ್ಳಾರಿ 'ಬಳ್‌ಳಾರಿ' ಆಯಿತು, ಚಿಕ್ಕಮಗಳೂರು 'ಚಿಕ್‌ಕಮಗಳೂರು' ಆಯಿತು. ಮ್ಯಾಟ್‌ಪ್ಲಾಟ್‌ಲಿಬ್‌ನ ಬಹುತೇಕ ಆವೃತ್ತಿಗಳಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಫಾಂಟ್ ಬದಲಿಸಿ ಬದಲಿಸಿ ನಾನು ಎರಡು ರಾತ್ರಿ ಹಾಳು ಮಾಡಿಕೊಂಡೆ. ಫಾಂಟಿನ ತಪ್ಪೇ ಅಲ್ಲ ಅದು.

ಪರಿಹಾರ ಸುಲಭ. ನಕ್ಷೆಯನ್ನು ಅಕ್ಷರ ಇಲ್ಲದೆ ಚಿತ್ರವಾಗಿ ಉಳಿಸಿ. ಅದರ ಮೇಲೆ ಎಚ್‌ಟಿಎಂಎಲ್‌ನಲ್ಲಿ ಹೆಸರುಗಳನ್ನು ಕೂರಿಸಿ, ಬ್ರೌಸರ್‌ನಿಂದಲೇ ಚಿತ್ರ ತೆಗೆಸಿ. ಬ್ರೌಸರ್‌ಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ. ಪರದೆಯ ಮೇಲೆ ದಪ್ಪ ಅಕ್ಷರ ಬೇಕೆಂದರೆ ಬಾಲೂ ತಮ್ಮ ಒಳ್ಳೆಯದು. ಕೆಲವು ಸುದ್ದಿಮನೆಗಳಲ್ಲಿ ಇನ್ನೂ ಯೂನಿಕೋಡ್ ಅಲ್ಲದ ಹಳೇ ನುಡಿ ಅಕ್ಷರಗಳೇ ಓಡುತ್ತವೆ. ಅಲ್ಲಿ ಪರಿವರ್ತನೆಯ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟರೆ ಮೊದಲ ವಾರವೇ ನೀವು ಎಲ್ಲರಿಗೂ ಬೇಕಾದವರಾಗುತ್ತೀರಿ.

ಗಡಿಯ ವಿಷಯದಲ್ಲಿ ಉದಾಸೀನ ಬೇಡ. ಇಂಟರ್ನೆಟ್ಟಿನಲ್ಲಿ ಸಿಗುವ ಗಡಿ ಕಡತಗಳಲ್ಲಿ ಜಮ್ಮು ಮತ್ತು ಕಾಶ್ಮೀರ, ಲಡಾಖ್ ನಮ್ಮ ಅಧಿಕೃತ ನಕ್ಷೆಯಂತೆ ಇರುವುದಿಲ್ಲ. ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಗಡಿ ತೋರಿಸುವುದು ಕಾನೂನಿನ ಪ್ರಕಾರ ಅಪರಾಧ. ಮಳೆ ತಪ್ಪಾದರೆ ಬೈಗುಳ, ಗಡಿ ತಪ್ಪಾದರೆ ನೋಟಿಸು.

ದೊಡ್ಡ ವಾಹಿನಿಗಳಲ್ಲಿ ಗ್ರಾಫಿಕ್ಸ್‌ಗೆ ವಿಝ್‌ಆರ್‌ಟಿಯಂಥ ಸಾಫ್ಟ್‌ವೇರ್ ಇರುತ್ತದೆ. ಅದನ್ನು ಮನೆಯಲ್ಲಿ ಕಲಿಯಲಾಗುವುದಿಲ್ಲ. ಆದರೆ ಅದಕ್ಕೆ ಅಂಕಿ ಉಣಿಸುವುದು ಎಕ್ಸ್‌ಎಂಎಲ್ ಅಥವಾ ಸಿಎಸ್‌ವಿ ಕಡತ. ಅದು ನಿಮಗೆ ಬರುತ್ತದೆ.

ಹಂತ 6: ಹಸಿರು ಬಟ್ಟೆಯ ಮುಂದೆ ನಿಲ್ಲಿ

ವೀಕ್ಷಕರಿಗೆ ನಕ್ಷೆ ಕಾಣುತ್ತದೆ. ನಿಮ್ಮ ಹಿಂದೆ ಇರುವುದು ಬರೀ ಹಸಿರು ಗೋಡೆ. ಪಕ್ಕದ ಮಾನಿಟರ್ ನೋಡಿಕೊಂಡು ಕೈ ತೋರಿಸಬೇಕು. ಕ್ಯಾಮೆರಾಗೆ ಮುಖ ಮಾಡಿ ನಿಂತಾಗ ಮಂಗಳೂರು ನಿಮ್ಮ ಬಲಗೈ ಕಡೆ, ಕೋಲಾರ ಎಡಗೈ ಕಡೆ. ಓದಲು ಸುಲಭ. ಮೊದಲ ದಿನ ಎಲ್ಲರೂ ಬಳ್ಳಾರಿ ಅಂತ ಅರಬ್ಬಿ ಸಮುದ್ರ ತೋರಿಸುತ್ತಾರೆ.

ಮನೆಯಲ್ಲೇ ಅಭ್ಯಾಸ ಮಾಡಿ. ಹಸಿರು ಬಟ್ಟೆ ಎರಡೂವರೆ ಮೀಟರ್, ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ವಿಡಿಯೋ ಸಾಫ್ಟ್‌ವೇರ್ ಓಬಿಎಸ್. ಅದರಲ್ಲಿ ಹಸಿರು ಇದ್ದಲ್ಲೆಲ್ಲ ನಕ್ಷೆ ತುಂಬುವ ಕ್ರೋಮಾ ಕೀ ಇದೆ. ಬಟ್ಟೆಯ ಮೇಲೆ ಬೆಳಕು ಒಂದೇ ಸಮ ಬೀಳಲಿ, ನೀವು ಅದರಿಂದ ನಾಲ್ಕು ಹೆಜ್ಜೆ ಮುಂದೆ ನಿಲ್ಲಿ. ಹಸಿರು ಸೀರೆ, ಹಸಿರು ಅಂಗಿ ಬೇಡ. ಹಾಕಿದರೆ ಹೊಟ್ಟೆಯ ಮೇಲೆ ಬೀದರ್ ಕಾಣುತ್ತದೆ. ಫೋನಿನ ಮುಂದಿನ ಕ್ಯಾಮೆರಾ ಬಳಸುವಾಗ ಕನ್ನಡಿಯಂತೆ ತಿರುಗಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇಲ್ಲದಿದ್ದರೆ ಕೈ ತಪ್ಪಾಗಿಯೇ ಪಳಗುತ್ತದೆ.

ಇನ್ನು ಮಾತು. ಪ್ರಕಟಣೆಯಲ್ಲಿ "ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಸಾಧಾರಣ ಮಳೆಯಾಗುವ ಸಾಧ್ಯತೆ" ಅಂತಿದೆ ಅಂದುಕೊಳ್ಳಿ. ಮೇ ತಿಂಗಳು. ನಾನಾದರೆ ಹೀಗೆ ಹೇಳುತ್ತೇನೆ: "ಕೋಲಾರ, ತುಮಕೂರು ಕಡೆ ಮಧ್ಯಾಹ್ನ ಮೂರರ ಮೇಲೆ ಅಲ್ಲಲ್ಲಿ ಗುಡುಗು ಮಳೆ. ಎಲ್ಲ ಊರಿಗೂ ಬರುವುದಿಲ್ಲ, ನಾಲ್ಕರಲ್ಲಿ ಒಂದು ಊರಿಗೆ ಬಂದರೆ ಹೆಚ್ಚು. ಶ್ರೀನಿವಾಸಪುರದ ಕಡೆ ಮಾವು ಕೀಳುವವರು ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲಬೇಡಿ." ಅರ್ಧ ನಿಮಿಷ ಸಾಕು. ವಿಷಯ ಅದೇ, ಅಂಕಿಯೂ ಅದೇ.

ಹಳ್ಳಿಯ ಲೆಕ್ಕವೂ ಗೊತ್ತಿರಲಿ. ರೈತರು 'ಜೂನ್ 22' ಅನ್ನುವುದಿಲ್ಲ, 'ಆರಿದ್ರಾ ಮಳೆ ಹುಟ್ಟಿತು' ಅನ್ನುತ್ತಾರೆ. ನಕ್ಷತ್ರದ ಮೇಲೆ ಮುನ್ಸೂಚನೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಅದು ಅವರ ಕ್ಯಾಲೆಂಡರ್. ಆ ಕ್ಯಾಲೆಂಡರಿನಲ್ಲಿ ದಿನಾಂಕ ಹೇಳಿದರೆ ಬೇಗ ತಲುಪುತ್ತದೆ. ಹಾಗೆಯೇ ಜಡಿಮಳೆ, ಸೋನೆ, ತುಂತುರು, ಹೊಳವು ಇವುಗಳ ವ್ಯತ್ಯಾಸ ಬಳಸಿ. ಎಲ್ಲದಕ್ಕೂ 'ವರುಣನ ಆರ್ಭಟ' ಅಂದರೆ ನಿಜವಾಗಿ ಆರ್ಭಟ ಬಂದ ದಿನ ಯಾರೂ ಎದ್ದು ಕೂರುವುದಿಲ್ಲ.

ಎಚ್ಚರಿಕೆ ಮಾತ್ರ ಯಾವಾಗಲೂ ಇಲಾಖೆಯದ್ದೇ ಇರಲಿ. ಇಲಾಖೆ ಹಳದಿ ಅಂದಿರುವಾಗ ನಿಮ್ಮ ಕೋಡ್ ನೋಡಿ ನೀವು ಕೆಂಪು ಅನ್ನಬಾರದು. ಒಂದೇ ಜಿಲ್ಲೆಗೆ ಎರಡು ಬಣ್ಣ ಕಂಡರೆ ಜನ ಎರಡನ್ನೂ ನಂಬುವುದಿಲ್ಲ.

ಹಂತ 7: ತಪ್ಪಿನ ಲೆಕ್ಕ ಇಡಿ

ಒಂದು ಶೀಟ್ ಮಾಡಿ. ದಿನಾಂಕ, ನೀವು ಹೇಳಿದ ಸಾಧ್ಯತೆ, ಆದದ್ದೇನು. ಒಂದು ಮುಂಗಾರು ಪೂರ್ತಿ, ಜೂನ್‌ನಿಂದ ಸೆಪ್ಟೆಂಬರ್, ಅಂದರೆ 122 ಸಾಲು. ಕೊನೆಗೆ 'ಶೇ 70' ಅಂತ ಹೇಳಿದ ದಿನಗಳನ್ನೆಲ್ಲ ಒಟ್ಟುಮಾಡಿ. ಹತ್ತರಲ್ಲಿ ಏಳು ಸಲ ಹೊಳವು ಬಂದಿದ್ದರೆ ನಿಮ್ಮ ಯಂತ್ರ ಸರಿ ಇದೆ. ಹತ್ತಕ್ಕೆ ಹತ್ತೂ ಬಂದಿದ್ದರೆ ಅದೂ ತಪ್ಪೇ, ನೀವು ಅಗತ್ಯಕ್ಕಿಂತ ಹೆದರಿದ್ದೀರಿ ಅಂತ ಅರ್ಥ.

ಗುಡುಗು ಮಳೆಯಲ್ಲಿ ಜಾಸ್ತಿ ತಪ್ಪುತ್ತೀರಿ. ಎಲ್ಲರೂ ತಪ್ಪುತ್ತಾರೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಬಿತ್ತು, 1891ರ ಜೂನ್ ದಾಖಲೆ ಮುರಿಯಿತು. ಮಳೆ ಬರುತ್ತದೆ ಅಂತ ಮೊದಲೇ ಹೇಳಬಹುದು. ಯಾವ ಬಡಾವಣೆಗೆ, ಎಷ್ಟು ಹೊತ್ತಿಗೆ, ಎಷ್ಟು ಅನ್ನುವುದು ರೇಡಾರ್ ನೋಡಿಕೊಂಡು ಒಂದೆರಡು ಗಂಟೆ ಮುಂಚೆ ಹೇಳುವ ಮಾತು.

ಹಂತ 8: ಕೆಲಸ ಎಲ್ಲಿ?

ನೇರವಾಗಿ ಹೇಳಿಬಿಡುತ್ತೇನೆ: ಕನ್ನಡ ವಾಹಿನಿಗಳಲ್ಲಿ ಹವಾಮಾನಕ್ಕೇ ಅಂತ ಹುದ್ದೆ ತೀರಾ ಅಪರೂಪ. ಹೆಚ್ಚಿನವರು ಗ್ರಾಫಿಕ್ಸ್, ಡಿಜಿಟಲ್ ಅಥವಾ ಡೇಟಾ ಡೆಸ್ಕಿನಲ್ಲಿ ಸೇರಿ, ಮಳೆಗಾಲದಲ್ಲಿ ಪರದೆಗೆ ಬರುತ್ತಾರೆ. ಹಾಗಾಗಿ ಕಾಲು ಎರಡು ದೋಣಿಯಲ್ಲಿರಲಿ. ಇಲ್ಲಿ ಅದು ತಪ್ಪಲ್ಲ.

ಎರಡನೇ ದೋಣಿ ಗಟ್ಟಿಯಾಗಿದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್, ಗದಗ, ಚಿತ್ರದುರ್ಗದ ಗಾಳಿಯಂತ್ರಗಳು. ಇವರೆಲ್ಲ ಎಷ್ಟು ವಿದ್ಯುತ್ ಕೊಡುತ್ತೇವೆ ಅಂತ ಮೊದಲೇ ಹೇಳಬೇಕು, 15 ನಿಮಿಷದ ಒಂದೊಂದು ಗಳಿಗೆಗೂ. ದಿನಕ್ಕೆ 96 ಗಳಿಗೆ. ಮಿತಿ ಮೀರಿ ತಪ್ಪಿದರೆ ದಂಡ. ಈ ಲೆಕ್ಕ ಮಾಡಿಕೊಡುವ ಕಂಪನಿಗಳಿಗೆ ಮೋಡವೂ ಗೊತ್ತಿರುವ, ಪೈಥಾನೂ ಗೊತ್ತಿರುವ ಜನ ಬೇಕು. ಹವಾಮಾನ ಆಧಾರಿತ ಬೆಳೆ ವಿಮೆ, ರೈತರ ಆ್ಯಪ್‌ಗಳು, ವಿಮಾನಯಾನ ಇವೂ ಇವೆ. ಅಲ್ಲೆಲ್ಲ ಕ್ಯಾಮೆರಾ ಇರುವುದಿಲ್ಲ. ಆದರೆ ಗೊತ್ತಿಲ್ಲದವರಿಗೆ ಅರ್ಧ ನಿಮಿಷದಲ್ಲಿ ಹೇಳುವ ಕಲೆ ಮೀಟಿಂಗಿನಲ್ಲೂ ಬೇಕಾಗುತ್ತದೆ.

ಅರ್ಜಿ ಹಾಕುವಾಗ ಉದ್ದುದ್ದ ರೆಸ್ಯೂಮೆ ಬೇಡ. ಎರಡು ನಿಮಿಷದ ಒಂದು ವಿಡಿಯೋ, ಅದರಲ್ಲಿರುವ ನಕ್ಷೆ ಮಾಡಿದ ಕೋಡ್, 122 ಸಾಲಿನ ಆ ಶೀಟ್. ಮೂರೇ ಸಾಕು. ವಿಡಿಯೋದಲ್ಲಿ ಮೂರು ದಿನದ ಬುಲೆಟಿನ್ ಜೋಡಿಸಿ. ಒಂದು ಕರಾವಳಿಯ ಜಡಿಮಳೆಯ ದಿನ. ಒಂದು ಕಲಬುರಗಿಯ ಬಿಸಿಲಿನ ದಿನ. ಮೂರನೆಯದು ನಿಮ್ಮ ಲೆಕ್ಕ ತಪ್ಪಿದ ಮಾರನೇ ಬೆಳಿಗ್ಗೆಯದ್ದು: ನಿನ್ನೆ ಹೊಳವು ಅಂದಿದ್ದೆ, ಬರಲಿಲ್ಲ, ಯಾಕೆ ಅಂತ ಹೇಳಿ ಇವತ್ತಿನ ಮಳೆಗೆ ಹೋಗುವುದು.